ಸತ್ಯದ ವಿಭಕ್ತಿ: ಬಿರುದಿನಿಂದ ಧ್ಯೇಯವಾಕ್ಯಕ್ಕೆ



ದತ್ತಿ ಎಂಬ ಮಾತು ಶಿಕಾರಿಪುರ ಮತ್ತು ಸೊರಬ ಸೀಮೆಯ ಈ ನೆಲಕ್ಕೆ ಹೊಸದಲ್ಲ. ಬಳ್ಳಿಗಾವೆ, ತಾಳಗುಂದ, ಕುಪ್ಪಟೂರು, ಉದ್ರಿ ಮೊದಲಾದ ಊರುಗಳ ಶಾಸನಗಳನ್ನು ತೆರೆದು ನೋಡಿದರೆ ಅವುಗಳಲ್ಲಿ ಬಹಳಷ್ಟು ದತ್ತಿಯ ಪತ್ರಗಳೇ. ಅಂಥ ಶಾಸನಕ್ಕೆ ಒಂದು ಕಟ್ಟಿದೆ. ಮೊದಲರ್ಧದಲ್ಲಿ ಆಳುವವನ ಬಿರುದಾವಳಿ ಸಾಲುಗಟ್ಟಿ ಬರುತ್ತದೆ. ಆಮೇಲೆ ಶಾಸನದ ದನಿ ಬದಲಾಗುತ್ತದೆ. ಕೊಟ್ಟ ಭೂಮಿ ಎಷ್ಟು ಮತ್ತರು, ಅದನ್ನು ಯಾವ ಗಳೆಯಲ್ಲಿ ಅಳೆಯಲಾಯಿತು, ಮೂಡಲ ಎಲ್ಲೆ ಎಲ್ಲಿ, ಪಡುವಲ ಎಲ್ಲೆ ಎಲ್ಲಿ, ಮುಂದೆ ಈ ದತ್ತಿಯನ್ನು ಕೆಡಿಸಿದವನು ಎಂಥ ಪಾಪಕ್ಕೆ ಹೋಗುತ್ತಾನೆ ಎಂಬ ವಿವರಗಳು ಬರುತ್ತವೆ. ಮೊದಲರ್ಧ ಹೊಗಳಿಕೆಯದು, ಎರಡನೆಯರ್ಧ ಹೊಣೆಯದು. ರಾಜ್ಯದ ಲಾಂಛನದ ಕೆಳಗೆ ಬರೆದ ಧ್ಯೇಯವಾಕ್ಯ ಈ ಎರಡರಲ್ಲಿ ಯಾವ ಅರ್ಧಕ್ಕೆ ಸೇರಿದ್ದು ಎಂಬುದೇ ಇಂದಿನ ಉಪನ್ಯಾಸದ ಪ್ರಶ್ನೆ. ಅದು ಎರಡನೆಯರ್ಧಕ್ಕೆ ಸೇರಿದ್ದೆಂದೂ, ಆಳುವವರ ಕೊರಳಿನ ಪದಕವಾಗಿ ಹುಟ್ಟಿದ ಮಾತು ಆಳಿಸಿಕೊಳ್ಳುವವರ ಕೈಯ ಅಳತೆಗೋಲಾಗಿ ಬೆಳೆದಿದೆಯೆಂದೂ ನನ್ನ ವಾದ. ಇದಕ್ಕೆ ಸಾಕ್ಷಿಯನ್ನು ನಾನು ಮುಖ್ಯವಾಗಿ ವ್ಯಾಕರಣದಿಂದ ತರುತ್ತೇನೆ. ಕನ್ನಡ ನಾಡಿನ ಅಧಿಕಾರದ ಮಾತುಗಳಲ್ಲಿ ‘ಸತ್ಯ’ ಎಂಬ ಒಂದು ಪದ ಬೇರೆ ಬೇರೆ ಕಾಲಕ್ಕೆ ಯಾವ ವಿಭಕ್ತಿಯಲ್ಲಿ ನಿಂತಿದೆ ಎಂದು ನೋಡಿದರೆ ಸಾಕು, ರಾಜ್ಯವೂ ಪ್ರಜೆಯೂ ನಡೆದು ಬಂದ ದಾರಿ ಕಾಣುತ್ತದೆ.

ಬಿರುದಿನಿಂದ ಆರಂಭಿಸೋಣ. ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ಶಾಂತಿವರ್ಮನ ಕಾಲದಲ್ಲಿ ಬರೆದ ಸಂಸ್ಕೃತ ಶಾಸನ ಕದಂಬ ಕುಲದ ಕಥೆಯನ್ನು ಹೇಳುತ್ತದೆ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳದಿಂದ ಕೆರಳಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಆ ಕಂಬದಿಂದಲೇ. ಆ ಕುಲದ ಅರಸರು ತಮ್ಮನ್ನು ‘ಧರ್ಮಮಹಾರಾಜ’ರೆಂದು ಕರೆದುಕೊಂಡರು. ಮುಂದೆ ಬಾದಾಮಿಯ ಇಮ್ಮಡಿ ಪುಲಕೇಶಿಗೆ ‘ಸತ್ಯಾಶ್ರಯ’ ಎಂಬ ಹೆಸರು ಬಂತು. ಕಲ್ಯಾಣದ ಚಾಲುಕ್ಯರು ಅವನ ನೆನಪನ್ನು ತಮ್ಮ ವಂಶಕ್ಕೆ ಹೊದಿಸಿಕೊಂಡು, ‘ಸಮಸ್ತಭುವನಾಶ್ರಯ’ದಿಂದ ಮೊದಲಾಗುವ ತಮ್ಮ ಬಿರುದಾವಳಿಯಲ್ಲಿ ‘ಸತ್ಯಾಶ್ರಯಕುಲತಿಲಕ’ ಎಂದು ಬರೆಸಿದರು. ಬನವಾಸಿ ಹನ್ನೆರಡು ಸಾವಿರದ ರಾಜಧಾನಿಯಾಗಿದ್ದ ಬಳ್ಳಿಗಾವೆಗೆ ಈ ಬಿರುದಾವಳಿ ಚಿರಪರಿಚಿತ. ಸತ್ಯಾಶ್ರಯ ಎಂಬುದು ಸಮಾಸ. ಸಮಾಸದಲ್ಲಿ ಪೂರ್ವಪದದ ವಿಭಕ್ತಿ ಲೋಪವಾಗುತ್ತದೆ. ಹಾಗಾಗಿ ಇದನ್ನು ಎರಡು ಬಗೆಯಲ್ಲಿ ಬಿಡಿಸಬಹುದು. ಸತ್ಯಕ್ಕೆ ಆಶ್ರಯವಾದವನು ಎಂದರೆ ಅರಸ ದೊಡ್ಡವನಾಗುತ್ತಾನೆ, ಸತ್ಯ ಅವನ ನೆರಳಿನಲ್ಲಿ ನಿಲ್ಲುತ್ತದೆ. ಸತ್ಯವನ್ನೇ ಆಶ್ರಯವಾಗಿ ಉಳ್ಳವನು ಎಂದರೆ ಸತ್ಯ ದೊಡ್ಡದಾಗುತ್ತದೆ, ಅರಸ ಅದರ ನೆರಳಿಗೆ ಬರುತ್ತಾನೆ. ಬಿರುದು ಈ ಎರಡರ ನಡುವೆ ತೀರ್ಪು ಕೊಡದೆ ಉಳಿಯುತ್ತದೆ. ಕ್ರಿಯಾಪದವಿಲ್ಲದ ಕಾರಣ ಯಾರು ಏನು ಮಾಡಬೇಕೆಂಬ ಮಾತೇ ಅದರಲ್ಲಿ ಏಳುವುದಿಲ್ಲ. ಅದು ಇರುವುದನ್ನು ಸಾರುತ್ತದೆ, ಆಗಬೇಕಾದ್ದನ್ನು ಹೇಳುವುದಿಲ್ಲ.

ಲಾಂಛನಕ್ಕೂ ಬಿರುದಿಗೂ ಹುಟ್ಟಿನಿಂದ ನಂಟಿದೆ. ಬಳ್ಳಿಗಾವೆಯಲ್ಲಿ ಇಂದಿಗೂ ನಿಂತಿರುವ ಗಂಡಭೇರುಂಡ ಕಂಬ ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕೈಕೆಳಗೆ ಬನವಾಸಿ ನಾಡನ್ನು ಆಳುತ್ತಿದ್ದ ಚಾಮುಂಡರಾಯರಸ 1047ರಲ್ಲಿ ಜಗದೇಕಮಲ್ಲೇಶ್ವರ ದೇಗುಲದ ಮುಂದೆ ಅದನ್ನು ನಿಲ್ಲಿಸಿದ. ಮನುಷ್ಯನ ಮೈಗೆ ಎರಡು ಹಕ್ಕಿತಲೆಗಳನ್ನಿಟ್ಟ ಆ ರೂಪ ಶೌರ್ಯದ ಸಾರಿಕೆ, ಬಿರುದಿಗೆ ಕೊಟ್ಟ ಕಲ್ಲಿನ ದೇಹ. ಆದರೆ ಈ ಸೀಮೆಯ ಶಾಸನಗಳಲ್ಲಿ ಭೇರುಂಡ ಇನ್ನೊಂದು ಕೆಲಸಕ್ಕೂ ಬಂದಿದೆ. ದತ್ತಿಭೂಮಿಯನ್ನು ಅಳೆದ ಗಳೆಗಳಲ್ಲಿ ‘ಭೇರುಂಡ ಗಳೆ’ ಎಂಬುದೂ ಒಂದು. ಗಳೆಯ ಉದ್ದ ಊರಿಂದೂರಿಗೆ ಬೇರೆಯಾಗುತ್ತಿದ್ದ ಕಾಲದಲ್ಲಿ, ಯಾವ ಗಳೆಯಿಂದ ಅಳೆದದ್ದೆಂದು ಬರೆಯದಿದ್ದರೆ ದತ್ತಿಗೆ ಅರ್ಥವೇ ಇರುತ್ತಿರಲಿಲ್ಲ. ಹಕ್ಕಿಯ ಹೆಸರು ಗಳೆಗೆ ಬಂದೊಡನೆ ಅದರ ಸ್ವಭಾವ ಬದಲಾಗುತ್ತದೆ. ಕಂಬದ ಮೇಲಿನ ಭೇರುಂಡವನ್ನು ತಲೆಯೆತ್ತಿ ನೋಡಬೇಕು. ಗಳೆಯಾದ ಭೇರುಂಡವನ್ನಾದರೋ ನೆಲದ ಮೇಲೆ ಹಾಸಿ, ಕೊಡುವವನೂ ಪಡೆಯುವವನೂ ಒಟ್ಟಿಗೆ ಎಣಿಸಬಹುದು. ಕೊಟ್ಟವನು ಎಷ್ಟೇ ದೊಡ್ಡವನಿರಲಿ, ಅಳತೆ ಕಡಿಮೆಯಾದರೆ ಕಡಿಮೆಯೇ. ಗಂಡಭೇರುಂಡ ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ, ಕೆಳದಿಯ ದೇಗುಲದ ಕೆತ್ತನೆಯಲ್ಲಿ, ಮೈಸೂರು ಒಡೆಯರ ಲಾಂಛನದಲ್ಲಿ, ಕೊನೆಗೆ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ಕಾಣಿಸಿಕೊಂಡಿತು. ಬಳ್ಳಿಗಾವೆಯ ಕಂಬದಿಂದ ವಿಧಾನಸೌಧದವರೆಗೆ ಅದು ಕೈಯಿಂದ ಕೈಗೆ ನೇರವಾಗಿ ಹಸ್ತಾಂತರವಾಯಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ನನ್ನ ವಾದಕ್ಕೆ ಬೇಕಾಗಿಯೂ ಇಲ್ಲ. ಒಂದೇ ಚಿಹ್ನೆ ಬಿರುದೂ ಆಗಬಲ್ಲದು, ಗಳೆಯೂ ಆಗಬಲ್ಲದು ಎಂಬುದನ್ನು ಸುಮಾರು ಒಂದು ಸಾವಿರ ವರ್ಷದ ಹಿಂದೆಯೇ ಈ ಸೀಮೆ ತೋರಿಸಿಕೊಟ್ಟಿದೆ. ಇಂದಿನ ವಾದಕ್ಕೆ ಅಷ್ಟು ಸಾಕು.

ಈಗ ಮೈಸೂರಿನ ಮಾತಿಗೆ ಬರೋಣ. ಶಿಕಾರಿಪುರ, ಸೊರಬ ಎರಡೂ ಸ್ವಾತಂತ್ರ್ಯದವರೆಗೆ ಮೈಸೂರು ಸಂಸ್ಥಾನದ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ಆದ್ದರಿಂದ ಮೈಸೂರಿನ ಧ್ಯೇಯವಾಕ್ಯಗಳು ನಮ್ಮ ಹಿಂದಿನ ತಲೆಮಾರುಗಳನ್ನು ಆಳಿದ ಮಾತುಗಳು. ಅವು ಎರಡು. ಒಂದು, ಮೈಸೂರು ಅರಮನೆಯ ಹೆಬ್ಬಾಗಿಲ ಕಮಾನಿನಲ್ಲಿ ಕಾಣುವ ‘ನ ಬಿಭೇತಿ ಕದಾಚನ’, ಎಂದಿಗೂ ಹೆದರುವುದಿಲ್ಲ ಎಂದು ಅದರ ಅರ್ಥ. ಇನ್ನೊಂದು ‘ಸತ್ಯಮೇವೋದ್ಧರಾಮ್ಯಹಂ’, ಸತ್ಯವನ್ನೇ ನಾನು ಎತ್ತಿಹಿಡಿಯುತ್ತೇನೆ ಎಂಬುದು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಜ್ಞಾನಕ್ಕೆ ಸಮನಾದುದಿಲ್ಲ ಎಂಬರ್ಥದ ಗೀತೆಯ ಮಾತಿನ ಜೊತೆಗೆ ಇದನ್ನೂ ತನ್ನ ಲಾಂಛನದಲ್ಲಿ ಇರಿಸಿಕೊಂಡಿದೆ. ‘ಸತ್ಯಮೇವೋದ್ಧರಾಮ್ಯಹಂ’ ಎಂಬಲ್ಲಿ ಸಮಾಸ ಬಿಚ್ಚಿಕೊಂಡಿದೆ, ಕ್ರಿಯಾಪದ ಬಂದಿದೆ. ಸತ್ಯ ದ್ವಿತೀಯಾ ವಿಭಕ್ತಿಯಲ್ಲಿದೆ, ಅಂದರೆ ಅದು ಕರ್ಮಪದ. ಕರ್ತೃ ‘ಅಹಂ’, ನಾನು. ‘ಉದ್ಧರಾಮಿ’ ಎಂಬ ಕ್ರಿಯೆಯಲ್ಲಿ ಮುಳುಗಿದ್ದನ್ನು ಮೇಲೆತ್ತುವ ಭಾವವಿದೆ. ಭೂಮಿಯನ್ನು ಕೋರೆದಾಡೆಯ ಮೇಲೆತ್ತಿದ ವರಾಹನ ನೆನಪು ನಮ್ಮ ಜನಕ್ಕೆ ಆ ಪದದೊಡನೆ ತಾನಾಗಿ ಬರುತ್ತದೆ. ಬಿರುದಿಗಿಂತ ಇದು ದೊಡ್ಡ ಹೆಜ್ಜೆ. ‘ಎತ್ತುತ್ತೇನೆ’ ಎಂದವನನ್ನು ‘ಎತ್ತಿದೆಯಾ’ ಎಂದು ಕೇಳಬಹುದು. ಸತ್ಯಾಶ್ರಯನೆಂಬ ಹೆಸರಿನವನನ್ನು ಹಾಗೆ ಕೇಳಲು ಭಾಷೆಯಲ್ಲಿ ದಾರಿಯಿರಲಿಲ್ಲ. ಬಿರುದು ಇಲ್ಲಿ ಪ್ರತಿಜ್ಞೆಯಾಗಿದೆ.

ಆದರೂ ಈ ಪ್ರತಿಜ್ಞೆಗೆ ಒಂದು ಮಿತಿಯಿದೆ. ಅದರ ಕರ್ತೃ ಒಬ್ಬನೇ, ಅವನು ಮೇಲಿರುವವನು. ಸತ್ಯ ಅವನ ಕೈಯಲ್ಲಿರುವ ವಸ್ತು, ಪ್ರಜೆ ಆ ವಾಕ್ಯದ ಹೊರಗೆ ನಿಂತು ನೋಡುವವನು. ಇದೇ ಕಟ್ಟಿನ ಇನ್ನೊಂದು ಮಾತು ನಮ್ಮ ಮನೆಮನೆಯಲ್ಲಿದೆ. 1956ರಲ್ಲಿ ಸ್ಥಾಪನೆಯಾದ ಜೀವ ವಿಮಾ ನಿಗಮದ ‘ಯೋಗಕ್ಷೇಮಂ ವಹಾಮ್ಯಹಂ’ ಎಂಬ ಧ್ಯೇಯವಾಕ್ಯ ಗೀತೆಯಲ್ಲಿ ಭಗವಂತನ ಬಾಯಿಂದ ಬಂದದ್ದು. ಆ ‘ನಾನು’ ಎಂಬ ಸರ್ವನಾಮವನ್ನು ದೇವರೊಬ್ಬನೇ ನಿಸ್ಸಂಕೋಚವಾಗಿ ಬಳಸಬಲ್ಲ. ಸಂಸ್ಥೆಯೊಂದು ಅದನ್ನು ಬಳಸಿದಾಗ ಕಾನೂನು ಅದರ ಹಿಂದೆ ನಿಲ್ಲಬೇಕಾಗುತ್ತದೆ, ಪಾಲಿಸಿಯ ಪತ್ರದಲ್ಲಿ ಮೊತ್ತವನ್ನು ಅಂಕಿಯಲ್ಲಿ ಬರೆಯಬೇಕಾಗುತ್ತದೆ. ಇಂಗ್ಲೆಂಡಿನ ಅರಸರ ಧ್ಯೇಯವಾಕ್ಯ ‘ದೇವರು ಮತ್ತು ನನ್ನ ಹಕ್ಕು’ ಎಂಬರ್ಥದ ಫ್ರೆಂಚ್ ಮಾತು. ಅದರ ‘ನನ್ನ’ ಕೂಡ ಅರಸನೊಬ್ಬನದೇ. ತಿರುವಾಂಕೂರಿನ ಅರಸರು ‘ಧರ್ಮೋಸ್ಮತ್ ಕುಲದೈವತಂ’ ಎಂದರು, ಧರ್ಮ ನಮ್ಮ ಕುಲದೈವ ಎಂದು. ಅಲ್ಲಿ ‘ನಾನು’ ಹೋಗಿ ‘ನಮ್ಮ’ ಬಂದಿದೆ ನಿಜ, ಆದರೆ ಆ ‘ನಮ್ಮ’ ಒಂದು ಮನೆತನದಷ್ಟೇ ಅಗಲವಾದದ್ದು. ಅರಸೊತ್ತಿಗೆಯ ಧ್ಯೇಯವಾಕ್ಯ ಎಷ್ಟೇ ಉದಾತ್ತವಾದರೂ ಅದರ ಸರ್ವನಾಮ ಅರಮನೆಯ ಕೋಟೆಯನ್ನು ದಾಟುವುದಿಲ್ಲ.

ಮೂರನೆಯ ಹಂತ ‘ಸತ್ಯಮೇವ ಜಯತೇ’. ಕರ್ನಾಟಕದ ಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡ, ಎರಡು ಬದಿಯಲ್ಲಿ ಆನೆಯ ಸೊಂಡಿಲೂ ಸಿಂಹದ ಮೈಯೂ ಉಳ್ಳ ಶರಭಗಳು, ನೆತ್ತಿಯಲ್ಲಿ ಸಾರನಾಥದ ಸಿಂಹಬೋದಿಗೆ, ಅಡಿಯಲ್ಲಿ ದೇವನಾಗರಿಯಲ್ಲಿ ಈ ಮಾತು. ಮೈಸೂರಿನ ಹಕ್ಕಿ ಉಳಿಯಿತು, ಮೈಸೂರಿನ ಮಾತು ಬದಲಾಯಿತು. ‘ಸತ್ಯಮೇವ’ ಎಂಬ ಮೊದಲ ಭಾಗ ಎರಡಕ್ಕೂ ಸಮಾನ. ವ್ಯತ್ಯಾಸವೆಲ್ಲ ಕ್ರಿಯಾಪದದಲ್ಲಿದೆ. ಸತ್ಯ ಇಲ್ಲಿ ಪ್ರಥಮಾ ವಿಭಕ್ತಿಗೆ ಬಂದಿದೆ, ತಾನೇ ಕರ್ತೃವಾಗಿದೆ. ‘ಅಹಂ’ ಮಾಯವಾಗಿದೆ. ಸಾರನಾಥದ ಕಂಬ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನದು. ಧ್ಯೇಯವಾಕ್ಯ ಮುಂಡಕೋಪನಿಷತ್ತಿನದು. ಇವೆರಡೂ ಮೂಲದಲ್ಲಿ ಒಟ್ಟಿಗಿದ್ದವಲ್ಲ. ಮದನಮೋಹನ ಮಾಳವೀಯರು ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಪ್ರಚುರಪಡಿಸಿದ ಆ ಮಾತು 1950ರ ಜನವರಿ 26ರಂದು ಗಣರಾಜ್ಯದ ಲಾಂಛನದೊಳಕ್ಕೆ ಬಂತು. ಅಶೋಕನೂ ಸತ್ಯದ ಮಾತಾಡಿದವನೇ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಶಾಸನದಲ್ಲಿ ತಂದೆತಾಯಿಗಳ ಮಾತು ಕೇಳಬೇಕು, ಸತ್ಯವನ್ನು ಹೇಳಬೇಕು ಎಂದು ಅವನು ಪ್ರಜೆಗಳಿಗೆ ವಿಧಿಸಿದ್ದಾನೆ. ಅಲ್ಲಿ ಅರಸ ಪ್ರಜೆಗೆ ಸತ್ಯ ಹೇಳು ಎಂದ. ಮೈಸೂರಿನಲ್ಲಿ ಅರಸ ತಾನೇ ಸತ್ಯವನ್ನು ಎತ್ತುತ್ತೇನೆ ಎಂದ. ಗಣರಾಜ್ಯದಲ್ಲಿ ಸತ್ಯ ಆಳುವವರ ಮಾತಿಗೆ ಕಾಯದೆ ಸ್ವತಂತ್ರವಾಗಿ ನಿಂತಿತು. ಚೆಕ್ ದೇಶದ ಅಧ್ಯಕ್ಷರ ಧ್ವಜದ ಮೇಲೂ ಸತ್ಯ ಗೆಲ್ಲುತ್ತದೆ ಎಂಬ ಮಾತಿದೆ. ಅದು ಯಾನ್ ಹುಸ್ ಎಂಬ ಧರ್ಮಸುಧಾರಕನ ಪರಂಪರೆಯಿಂದ ಬಂದದ್ದು, ಅವನನ್ನು ಜೀವಂತ ಸುಟ್ಟದ್ದು 1415ರಲ್ಲಿ. ಸತ್ಯವನ್ನು ಕರ್ತೃವಾಗಿಸುವ ಆಸೆ ಒಂದು ದೇಶಕ್ಕೆ ಸೀಮಿತವಾದುದಲ್ಲ.

ಇಲ್ಲಿ ವಿದ್ವಾಂಸರಿಂದ ಮೊದಲ ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದ ಆಕ್ಷೇಪ. ಉಪನಿಷತ್ತಿನ ಸತ್ಯ ಆತ್ಮವಿದ್ಯೆಯ ಸಾಧನಮಾರ್ಗದ ಮಾತು, ಅದಕ್ಕೂ ತಾಲ್ಲೂಕು ಕಚೇರಿಯ ಸತ್ಯಕ್ಕೂ ಏನು ಸಂಬಂಧ? ಮೈಸೂರಿನ ‘ನ ಬಿಭೇತಿ’ ಕೂಡ ತೈತ್ತಿರೀಯೋಪನಿಷತ್ತಿನಲ್ಲಿ ಬ್ರಹ್ಮಾನಂದವನ್ನು ಅರಿತವನ ನಿರ್ಭಯವನ್ನು ಹೇಳುವ ಮಾತು. ಅದನ್ನು ಕಿತ್ತು ಅರಸನ ಕಮಾನಿಗೆ ಹಚ್ಚಿದ್ದು ಸರಿಯೇ? ಇದರ ಜೊತೆಗೆ ವ್ಯಾಕರಣದ ತೊಡಕೂ ಇದೆ. ‘ಸತ್ಯಂ’ ನಪುಂಸಕಲಿಂಗದ ಪದ. ಅದರ ಪ್ರಥಮಾ ರೂಪವೂ ದ್ವಿತೀಯಾ ರೂಪವೂ ಒಂದೇ. ಹೀಗಾಗಿ ಸತ್ಯವೇ ಗೆಲ್ಲುತ್ತದೆ ಎನ್ನುವ ಬದಲು, ಋಷಿಯು ಸತ್ಯವನ್ನೇ ಗೆದ್ದು ಪಡೆಯುತ್ತಾನೆ ಎಂದೂ ಅರ್ಥ ಮಾಡಿದವರಿದ್ದಾರೆ. ಜಿ ಧಾತುವಿಗೆ ‘ಜಯತಿ’ ಎಂಬುದು ರೂಢಿಯ ರೂಪ. ‘ಜಯತೇ’ ಎಂಬುದು ಆರ್ಷಪ್ರಯೋಗ. ಕೆಲವು ಪಾಠಗಳಲ್ಲಿ ‘ಜಯತಿ’ ಎಂದೇ ಇದೆ. ನಾನು ಕಟ್ಟುತ್ತಿರುವ ವಾದವೆಲ್ಲ ಒಂದು ವಿಭಕ್ತಿಯ ಮೇಲೆ ನಿಂತಿರುವಾಗ, ಆ ವಿಭಕ್ತಿಯೇ ಸಂದಿಗ್ಧವಾದರೆ ಏನು ಗತಿ?

ಇದಕ್ಕೆ ಉತ್ತರವನ್ನು ಶಂಕರಾಚಾರ್ಯರ ಭಾಷ್ಯದಲ್ಲಿಯೇ ಹುಡುಕಬಹುದು. ಈ ವಾಕ್ಯಕ್ಕೆ ಅವರು ಕೊಟ್ಟ ವಿವರಣೆ ಬಹಳ ಲೌಕಿಕವಾದದ್ದು. ಗೆಲ್ಲುವವನು ಸತ್ಯವಂತ, ಏಕೆಂದರೆ ಮನುಷ್ಯನನ್ನು ಆಶ್ರಯಿಸದೆ ಬರಿಯ ಸತ್ಯಕ್ಕಾಗಲಿ ಬರಿಯ ಸುಳ್ಳಿಗಾಗಲಿ ಗೆಲುವೂ ಇಲ್ಲ ಸೋಲೂ ಇಲ್ಲ ಎಂದು ಅವರ ಅಭಿಪ್ರಾಯ. ಸತ್ಯವಾದಿಯ ಮುಂದೆ ಸುಳ್ಳುಗಾರ ಸೋಲುವುದು ಲೋಕಪ್ರಸಿದ್ಧ ಎಂದೂ ಅವರು ಹೇಳುತ್ತಾರೆ. ಉಪನಿಷತ್ತಿನ ವಾಕ್ಯವನ್ನು ಜಗುಲಿಯ ನ್ಯಾಯಕ್ಕೆ ತಂದವರು ನಾವು ಮೊದಲಿಗರಲ್ಲ ಎಂದಾಯಿತು. ವ್ಯಾಕರಣದ ತೊಡಕನ್ನೂ ಈ ವಿವರಣೆ ಬಿಡಿಸುತ್ತದೆ. ಸತ್ಯ ಕರ್ತೃ ನಿಜ, ಆದರೆ ಅದು ಕ್ರಿಯೆಯನ್ನು ನಡೆಸುವುದು ತನ್ನನ್ನು ಹೊತ್ತ ಮನುಷ್ಯನ ಮೂಲಕ. ಆ ಮನುಷ್ಯ ಯಾರು ಎಂದು ವಾಕ್ಯ ಹೆಸರಿಸುವುದಿಲ್ಲ. ಮೈಸೂರಿನ ವಾಕ್ಯದಲ್ಲಿ ಆ ಜಾಗದಲ್ಲಿ ‘ಅಹಂ’ ಕುಳಿತಿತ್ತು. ಗಣರಾಜ್ಯದ ವಾಕ್ಯದಲ್ಲಿ ಆ ಜಾಗ ತೆರೆದಿದೆ. ಯಾರು ಬೇಕಾದರೂ ಅಲ್ಲಿಗೆ ಬರಬಹುದು. ಇನ್ನು ಆತ್ಮವಿದ್ಯೆಯಿಂದ ರಾಜ್ಯಕ್ಕೆ ತಂದ ಮಾತು ಅರ್ಥ ಕಳೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆ. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಆ ಮಠವನ್ನು ವೇದ, ವ್ಯಾಕರಣ, ಯೋಗಶಾಸ್ತ್ರಗಳ ವ್ಯಾಖ್ಯಾನಸ್ಥಾನವೆಂದು ಬಣ್ಣಿಸುತ್ತದೆ. ಅದೇ ಉಸಿರಿನಲ್ಲಿ ದೀನರಿಗೆ ಅನ್ನ, ರೋಗಿಗಳಿಗೆ ಔಷಧ, ಎಲ್ಲ ಜೀವಿಗಳಿಗೆ ಅಭಯ ಸಿಗುವ ಜಾಗವೆಂದೂ ಹೇಳುತ್ತದೆ. ಬ್ರಹ್ಮಜ್ಞಾನಿಯ ನಿರ್ಭಯವೂ ರೋಗಿಗೆ ಸಿಗುವ ಅಭಯವೂ ಆ ಕಲ್ಲಿನಲ್ಲಿ ಬೇರೆ ಬೇರೆ ಲೋಕಗಳಾಗಿಲ್ಲ. ಒಳಗಿನ ಗುಣ ಹೊರಗೆ ಬಂದಾಗ ಸಂಸ್ಥೆಯ ಕರ್ತವ್ಯವಾಗುತ್ತದೆ. ಆ ಕರ್ತವ್ಯವನ್ನು ಹೊರಲು ಒಪ್ಪದೆ ಮಾತನ್ನಷ್ಟೇ ಎರವಲು ತಂದರೆ ಮಾತ್ರ ಅದು ಅಪಚಾರ.

ಎರಡನೆಯ ಆಕ್ಷೇಪ ಸಾಮಾನ್ಯ ಜನರದು. ಧ್ಯೇಯವಾಕ್ಯವನ್ನು ಯಾರು ಓದುತ್ತಾರೆ? ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಪಡೆಯುವವನು ತನ್ನ ಹೆಸರು, ತಂದೆಯ ಹೆಸರು ಸರಿಯಿದೆಯೇ ಎಂದು ನೋಡುತ್ತಾನೆಯೇ ಹೊರತು ಮೇಲಿರುವ ಲಾಂಛನವನ್ನಲ್ಲ. ಸುಳ್ಳು ಗೆದ್ದ ಪ್ರಸಂಗಗಳನ್ನು ಕಂಡ ಜನಕ್ಕೆ ಸತ್ಯವೇ ಗೆಲ್ಲುತ್ತದೆ ಎಂಬುದು ಸುಳ್ಳುಮಾತಾಗಿಯೂ ಕೇಳಬಹುದು. ಈ ನೋವನ್ನು ಹಗುರವಾಗಿ ಕಾಣಬಾರದು. ಆದರೆ ಇದೇ ಸೀಮೆಯ ಇತಿಹಾಸ ಇದಕ್ಕೆ ಉತ್ತರ ಕೊಟ್ಟಿದೆ. 1942ರ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರನ್ನು ಸ್ವತಂತ್ರವೆಂದು ಸಾರಿದರು, ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿಸಿದರು, ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡರು. ಆ ಹೋರಾಟದಿಂದ ಹುಟ್ಟಿ ನಾಡೆಲ್ಲ ಹರಡಿದ ಘೋಷಣೆ ‘ಏಸೂರು ಕೊಟ್ಟರೂ ಈಸೂರು ಕೊಡೆವು’. ಒಂದು ಹಳ್ಳಿ ತನಗೆ ತಾನೇ ಕಟ್ಟಿಕೊಂಡ ಧ್ಯೇಯವಾಕ್ಯ ಅದು. ಅದರ ಕ್ರಿಯಾಪದವನ್ನು ಗಮನಿಸಿ. ‘ಕೊಡೆವು’ ಎಂಬುದು ಉತ್ತಮಪುರುಷ ಬಹುವಚನ. ಅರಮನೆಯ ‘ಅಹಂ’ ಎಂದೂ ಹೇಳದಿದ್ದ ‘ನಾವು’ ಈಸೂರಿನ ಬಾಯಲ್ಲಿ ಬಂತು. ಎಂದಿಗೂ ಹೆದರುವುದಿಲ್ಲ ಎಂದು ಸಂಸ್ಥಾನದ ಹೆಬ್ಬಾಗಿಲ ಮೇಲಿದ್ದ ಮಾತನ್ನು ಆ ಸಂಸ್ಥಾನದ ಪೊಲೀಸರ ಎದುರು ನಿಂತು ನಡೆಸಿ ತೋರಿದವರು ಅದರ ಪ್ರಜೆಗಳು. ಏಳು ವರ್ಷಗಳ ಮೇಲೆ, 1949ರ ನವೆಂಬರಿನಲ್ಲಿ, ಸಂವಿಧಾನದ ಪ್ರಸ್ತಾವನೆ ಆರಂಭವಾದದ್ದೂ ‘ನಾವು’ ಎಂಬ ಸರ್ವನಾಮದಿಂದಲೇ.

ಈಸೂರಿನ ಕಥೆಯಲ್ಲಿ ರಕ್ತವೂ ಇದೆ ಎಂಬುದನ್ನು ಮರೆಮಾಚಬಾರದು. ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು. ಊರಿನ ಮೇಲೆ ಸೇಡಿನ ದಾಳಿ ನಡೆಯಿತು. 1943ರ ಮಾರ್ಚ್‌ನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹಾಗಿರುವಾಗ ಇದನ್ನು ಸತ್ಯದ ಗೆಲುವಿಗೆ ಉದಾಹರಣೆಯಾಗಿ ಕೊಡಬಹುದೇ ಎಂದು ಕೇಳಬಹುದು. ಆ ದಿನದ ಹೊಡೆದಾಟವನ್ನು ನಾನು ಸತ್ಯದ ಲೆಕ್ಕಕ್ಕೆ ಬರೆಯುತ್ತಿಲ್ಲ. ಊರೊಂದು ತನ್ನನ್ನು ವಾಕ್ಯದ ಕರ್ತೃವಾಗಿ ಕಂಡುಕೊಂಡ ಆ ಗಳಿಗೆಯನ್ನು ಮಾತ್ರ ಬರೆಯುತ್ತಿದ್ದೇನೆ. ಅದೇ ಕರ್ತೃತ್ವ ಶಾಂತವಾಗಿ, ಶಿಸ್ತಾಗಿ ಕಂಡದ್ದು ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, 1951ರಲ್ಲಿ. ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಗೇಣಿದಾರರು ಎದ್ದದ್ದು ಒಂದು ಅಳತೆಗಾಗಿ. ಭತ್ತದ ಗೇಣಿಯನ್ನು ಅಳೆಯುವ ಕೊಳಗ ಒಡೆಯರ ಮನೆಯಲ್ಲಿ ದೊಡ್ಡದಾಗಿತ್ತು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂಬುದು ಅವರ ಮೊದಲ ಬೇಡಿಕೆ. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ಹೋರಾಟ ದೇಶದ ಕಣ್ಣಿಗೆ ಬಿತ್ತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಹಿಂದೆ ಆ ಕೊಳಗದ ನೆನಪಿದೆ. ಅದನ್ನು ಅವರು ಸತ್ಯಾಗ್ರಹವೆಂದು ಕರೆದರು. ಸತ್ಯಾಶ್ರಯ, ಸತ್ಯಾಗ್ರಹ ಎರಡೂ ಸಮಾಸಗಳೇ, ಎರಡರ ಪೂರ್ವಪದವೂ ಒಂದೇ. ಮೊದಲನೆಯದನ್ನು ಅರಸನೊಬ್ಬ ಧರಿಸಿದ, ಎರಡನೆಯದನ್ನು ಗೇಣಿದಾರರು ಕೈಗೆತ್ತಿಕೊಂಡರು. ಅವರು ಕೇಳಿದ ಸತ್ಯ ಕೊಳಗದಲ್ಲಿ ಹಿಡಿಯುವಷ್ಟು ಖಚಿತವಾಗಿತ್ತು. ಧ್ಯೇಯವಾಕ್ಯ ಯಾವಾಗಲೂ ನಿಜವಾಗಿರುತ್ತದೆ ಎಂದು ಯಾರೂ ಹೇಳಬೇಕಾಗಿಲ್ಲ. ಗಳೆ ಸರಿಯಾಗಿದ್ದರೆ ಹೊಲ ಎಷ್ಟು ಕಡಿಮೆ ಬಿತ್ತೆಂದು ತಿಳಿಯುತ್ತದೆ. ಸುಳ್ಳು ಗೆದ್ದ ದಿನ ‘ಸತ್ಯಮೇವ ಜಯತೇ’ ಎಂಬ ಮಾತು ಆ ಕೊರತೆಯನ್ನು ಅಳೆದು ತೋರಿಸುತ್ತದೆ. ಅದಿಲ್ಲದಿದ್ದರೆ ಕೊರತೆಗೆ ಹೆಸರೂ ಇರುತ್ತಿರಲಿಲ್ಲ.

ಮೂರನೆಯ ಆಕ್ಷೇಪ ಭಾಷೆಯದು. ಕನ್ನಡ ನಾಡಿನ ಧ್ಯೇಯವಾಕ್ಯ ಸಂಸ್ಕೃತದಲ್ಲಿ, ಅದೂ ದೇವನಾಗರಿಯಲ್ಲಿ ಏಕಿರಬೇಕು? ತಮಿಳುನಾಡು ಅದೇ ಮಾತನ್ನು ‘ವಾಯ್ಮೈಯೇ ವೆಲ್ಲುಂ’ ಎಂದು ತಮಿಳಿನಲ್ಲಿ ಬರೆದುಕೊಂಡಿದೆಯಲ್ಲ? ಇದಕ್ಕೆ ಕೆಲವರು ಕೊಡುವ ಉತ್ತರ, ಘನತೆಗೆ ಹಳೆಯ ಭಾಷೆ ಬೇಕೆಂಬುದು. ತಾಳಗುಂದದ ಕಂಬ ಸಂಸ್ಕೃತದಲ್ಲಿದೆ, ಇಂಗ್ಲೆಂಡಿನ ಅರಸನ ಮಾತು ಫ್ರೆಂಚಿನಲ್ಲಿದೆ, ದಕ್ಷಿಣ ಆಫ್ರಿಕಾ 2000ದಲ್ಲಿ ಆರಿಸಿಕೊಂಡ ಧ್ಯೇಯವಾಕ್ಯ ಇಂದು ಯಾರ ಮನೆಮಾತೂ ಅಲ್ಲದ ಒಂದು ಮೂಲನಿವಾಸಿ ಭಾಷೆಯಲ್ಲಿದೆ ಎಂದು ಅವರು ತೋರಿಸುತ್ತಾರೆ. ಈ ಉತ್ತರ ನನಗೆ ಸಾಲದು. ದಕ್ಷಿಣ ಆಫ್ರಿಕಾ ಹಾಗೆ ಮಾಡಿದ್ದು ಅಳಿಸಿಹಾಕಲ್ಪಟ್ಟ ಜನರಿಗೆ ಗೌರವ ಸಲ್ಲಿಸಲು, ಯಾವ ಭಾಷೆಯವರೂ ಹೊರಗುಳಿದೆವೆಂದು ಭಾವಿಸದಿರಲು. ನಮ್ಮ ವಿಷಯದಲ್ಲಿ ಆಕ್ಷೇಪದ ತಿರುಳನ್ನು ಒಪ್ಪಲೇಬೇಕು. ಗಳೆಯ ಮೇಲಿನ ಗುರುತುಗಳನ್ನು ಓದಲಾಗದವನು ಅದರಿಂದ ಅಳೆಯಲಾರ. ಬಳ್ಳಿಗಾವೆಯ ಶಾಸನಗಳಲ್ಲಿಯೂ ಹೊಗಳಿಕೆ ಎಷ್ಟೇ ಸಂಸ್ಕೃತಮಯವಾಗಿದ್ದರೂ ಮತ್ತರು, ಗಳೆ, ಎಲ್ಲೆಗಳ ವಿವರ ಬಂದಾಗ ಮಾತು ಕನ್ನಡಕ್ಕೆ ಇಳಿಯುತ್ತದೆ, ಏಕೆಂದರೆ ನಾಳೆ ವ್ಯಾಜ್ಯ ಬಂದರೆ ಅದನ್ನು ಊರವರು ಓದಬೇಕು. ಆ ಶಾಸನಕಾರರ ವಿವೇಕ ನಮಗೂ ಇರಲಿ. ರಾಷ್ಟ್ರದ ಲಾಂಛನಕ್ಕೆ ಸೇರಿದ ಮಾತು ಅಲ್ಲಿ ಹಾಗೆಯೇ ಇರಲಿ. ಅದರ ಪಕ್ಕದಲ್ಲಿ, ಪ್ರತಿ ಸರ್ಕಾರಿ ಕಚೇರಿಯ ಫಲಕದಲ್ಲಿ, ‘ಸತ್ಯವೇ ಗೆಲ್ಲುತ್ತದೆ’ ಎಂದು ಕನ್ನಡದಲ್ಲಿ ಬರೆದರೆ ಯಾರ ಘನತೆಗೂ ಕುಂದಿಲ್ಲ, ಕನ್ನಡ ಓದಬಲ್ಲವರಿಗೆಲ್ಲ ಗಳೆ ಕೈಗೆ ಸಿಗುತ್ತದೆ.

ಕನ್ನಡದಲ್ಲಿ ಬರೆದೊಡನೆ ಎಲ್ಲವೂ ಸರಿಹೋಗುತ್ತದೆಂದು ಮಾತ್ರ ತಿಳಿಯಬಾರದು. ಕೆಂಗಲ್ ಹನುಮಂತಯ್ಯನವರ ಕನಸಿನ ವಿಧಾನಸೌಧ 1956ರಲ್ಲಿ ಪೂರ್ಣವಾಯಿತು. ಅದರ ಮೇಲಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತು ಸರಳ ಕನ್ನಡದ್ದು, ಎಲ್ಲರಿಗೂ ಬಾಯಿಪಾಠ. ಆದರೆ ಅದರಲ್ಲಿ ಕ್ರಿಯಾಪದವಿಲ್ಲ, ಕರ್ತೃವೂ ಇಲ್ಲ. ಹಾಗಾಗಿ ಸತ್ಯಾಶ್ರಯದಂತೆಯೇ ಅದೂ ಎರಡು ಕಡೆಗೆ ತಿರುಗುತ್ತದೆ. ಕುರ್ಚಿಯಲ್ಲಿ ಕುಳಿತವನು ದೇವರ ಸೇವೆಯಷ್ಟು ಶ್ರದ್ಧೆಯಿಂದ ದುಡಿಯಬೇಕು ಎಂಬುದು ಒಂದು ಅರ್ಥ. ಕಾಯಕವನ್ನು ಕಂಡ ನಾಡಿಗೆ ಅದು ಸಹಜವಾದ ಅರ್ಥ, ಅದನ್ನು ಬರೆಸಿದವರ ಮನಸ್ಸಿನಲ್ಲಿದ್ದದ್ದೂ ಅದೇ ಎಂದು ನಂಬಲು ಕಾರಣವಿದೆ. ದೇವರ ಕೆಲಸವನ್ನು ಪ್ರಶ್ನಿಸಬಾರದು, ಅದು ಆದಾಗ ಆಗುತ್ತದೆ ಎಂಬುದು ಸೋಮಾರಿತನ ಹುಡುಕಿಕೊಳ್ಳಬಹುದಾದ ಇನ್ನೊಂದು ಅರ್ಥ. ಇದರ ಪಕ್ಕದಲ್ಲಿ 2011ರ ಸೇವಾ ಖಾತರಿ ಕಾಯ್ದೆಯಿಂದ ಹುಟ್ಟಿದ ‘ಸಕಾಲ’ ಯೋಜನೆಯನ್ನು ಇಡಿ. ಪ್ರಮಾಣಪತ್ರಕ್ಕೆ ಇಷ್ಟು ದಿನ, ಖಾತೆ ಬದಲಾವಣೆಗೆ ಇಷ್ಟು ದಿನ ಎಂದು ಅದು ಗಡುವು ಕಟ್ಟಿತು. ತಪ್ಪಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಎಂದಿತು. ಮೊತ್ತ ಚಿಕ್ಕದಿರಬಹುದು. ಆದರೆ ದೇವರ ಕೆಲಸಕ್ಕೆ ದಿನದ ಲೆಕ್ಕ ಬಂತು, ಕೇಳುವ ಹಕ್ಕು ಅರ್ಜಿದಾರನಿಗೆ ಬಂತು. ವಿಧಾನಸೌಧದ ಮಾತು ಕಂಬದ ಮೇಲಿನ ಭೇರುಂಡವಾದರೆ ಇದು ನೆಲದ ಮೇಲಿನ ಭೇರುಂಡ ಗಳೆ. ಎರಡೂ ಬೇಕು, ಏಕೆಂದರೆ ಎತ್ತರದ ಆದರ್ಶವಿಲ್ಲದ ಅಳತೆ ಬರಿಯ ಲೆಕ್ಕವಾಗುತ್ತದೆ, ಅಳತೆಗೆ ಸಿಗದ ಆದರ್ಶ ಬರಿಯ ಬಿರುದಾಗುತ್ತದೆ.

ಈ ಸೀಮೆ ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ, ಸತ್ಯಕ್ಕನ ಹಿರೇಜಂಬೂರುಗಳ ಸೀಮೆ. ಬಿರುದಿಗೆ ಎದುರಾಗಿ ಅವರು ಅಂಕಿತವನ್ನು ಕೊಟ್ಟರು. ಬಿರುದು ತನ್ನ ಹೆಸರಿಗೆ ತಾನು ಸೇರಿಸಿಕೊಳ್ಳುವ ಮಾತು. ಅಂಕಿತದಲ್ಲಿ ಆಡಿದವರ ಹೆಸರಿಲ್ಲ, ಯಾರ ಸಾಕ್ಷಿಯಾಗಿ ಆಡಿದೆವೋ ಅವರ ಹೆಸರಿದೆ. ಗುಹೇಶ್ವರನ ಸಾಕ್ಷಿಯಾಗಿ, ಚೆನ್ನಮಲ್ಲಿಕಾರ್ಜುನನ ಸಾಕ್ಷಿಯಾಗಿ ಆಡಿದ ಮಾತಿಗೆ ಆಡಿದವರು ಕಟ್ಟುಬಿದ್ದಿರುತ್ತಾರೆ. ಸರ್ಕಾರದ ಆದೇಶಪತ್ರಕ್ಕೆ ‘ಸತ್ಯಮೇವ ಜಯತೇ’ ಎಂಬುದು ಅಂಥ ಅಂಕಿತ. ಸತ್ಯದ ಸಾಕ್ಷಿಯಾಗಿ ಇದನ್ನು ಬರೆದಿದ್ದೇನೆ ಎಂದು ಸರ್ಕಾರ ಪ್ರತಿ ಹಾಳೆಯಲ್ಲೂ ಒಪ್ಪಿಕೊಳ್ಳುತ್ತದೆ. ಆ ಒಪ್ಪಿಗೆಯನ್ನು ನೆನಪಿಸುವ ಕೆಲಸ ಹಾಳೆಯನ್ನು ಕೈಯಲ್ಲಿ ಹಿಡಿದವರದು.

ವಿಭಕ್ತಿಯಿಂದ ಆರಂಭಿಸಿದ ಮಾತನ್ನು ವಿಭಕ್ತಿಯಲ್ಲಿಯೇ ಮುಗಿಸುತ್ತೇನೆ. ಸಮಾಸದಲ್ಲಿ ವಿಭಕ್ತಿಯಿಲ್ಲದೆ ಅಡಗಿದ್ದ ಸತ್ಯ ಮೈಸೂರಿನಲ್ಲಿ ದ್ವಿತೀಯೆಗೆ ಬಂತು, ಗಣರಾಜ್ಯದಲ್ಲಿ ಪ್ರಥಮೆಗೆ ಬಂತು. ಆದರೆ ಮನುಷ್ಯನ ಆಶ್ರಯವಿಲ್ಲದೆ ಸತ್ಯಕ್ಕೆ ಗೆಲುವಿಲ್ಲ ಎಂಬ ಆಚಾರ್ಯರ ಮಾತನ್ನು ಅದರೊಡನೆ ಓದಬೇಕು. ಈಸೂರಿನಲ್ಲಿ ‘ಕೊಡೆವು’ ಎಂದವರು, ಕಾಗೋಡಿನಲ್ಲಿ ಕೊಳಗ ಸರಿಯಿರಲಿ ಎಂದವರು ಆ ಆಶ್ರಯವನ್ನು ಕೊಟ್ಟರು. ಒಂದು ಕಾಲಕ್ಕೆ ಈ ನಾಡಿನಲ್ಲಿ ಸತ್ಯಾಶ್ರಯ ಎಂಬುದು ಒಬ್ಬ ಚಕ್ರವರ್ತಿಯ ಹೆಸರಾಗಿತ್ತು. ಇಂದು ಅದು ಅರ್ಜಿ ಹಿಡಿದು ಸರದಿಯಲ್ಲಿ ನಿಂತ ಪ್ರತಿಯೊಬ್ಬರ ಹೊಣೆಯಾಗಿದೆ.